ವೀರೇಶ ಅಳಿಸಿದ ಹೆಸರು

ಹತ್ತಿಗೆ ಸ್ಪಿರಿಟ್ ಹಚ್ಚಿ ವೀರೇಶನ ಲ್ಯಾಪ್‌ಟಾಪಿನ ಕೀಲಿಗಳನ್ನು ಒರೆಸುತ್ತಿದ್ದೇನೆ. ಆ ವಾಸನೆಗೆ ಬಳ್ಳಾರಿಯ ಡಯಾಲಿಸಿಸ್ ವಾರ್ಡೇ ಸಿರುಗುಪ್ಪದ ನಮ್ಮ ಮನೆಯೊಳಗೆ ಬಂದು ಕೂತಂತಾಗಿದೆ. ಎದುರಿಗೆ ಅವನ ಹೆಂಡತಿ ನಾಗವೇಣಿ. ಮಗಳ ಓದಿಗೆ ಇದನ್ನು ಖಾಲಿ ಮಾಡಿಸಿ, ಸರಿಮಾಡಿಸಿಕೊಳ್ಳಲು ಕುರುಗೋಡಿನಿಂದ ಬಂದಿದ್ದಾಳೆ.

ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ವೀರೇಶನೂ ನಾನೂ ಅಕ್ಕಪಕ್ಕ ಕೂರುತ್ತಿದ್ದೆವು. ಮೂತ್ರಪಿಂಡಗಳು ಕೈಕೊಟ್ಟ ಮೇಲೆ ಅವನು ಆ ಕೆಲಸ ಬಿಟ್ಟ; ಯಾರೂ ಸಂಬಳ ಕೊಡದ ಇನ್ನೊಂದು ಕೆಲಸ ಬಿಡಲಿಲ್ಲ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ತಂತ್ರಾಂಶಗಳಿವೆಯಲ್ಲ, ಅವುಗಳ ಮೂಲ ಬರಹವನ್ನು ನೀವೂ ಓದಬಹುದು. ಆದರೆ ನಿಮ್ಮ ಕಂಪ್ಯೂಟರಿಗೆ ಬರುವುದು ಆ ಬರಹದಿಂದ ಇನ್ಯಾರೋ ತಮ್ಮ ಯಂತ್ರದಲ್ಲಿ ಬಿಲ್ಡ್ ಮಾಡಿದ, ಅಂದರೆ ಓಡುವಂತೆ ಕಟ್ಟಿದ ಪ್ಯಾಕೇಜು. ನಡುವೆ ಕಳ್ಳನೊಬ್ಬ ಏನಾದರೂ ತುರುಕಿದರೆ? ಎಲ್ಲಿ, ಯಾರು ಬಿಲ್ಡ್ ಮಾಡಿದರೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಪ್ಯಾಕೇಜು ಬರುವಂತಿದ್ದರೆ, ಬೇರೆಯಾಗಿ ಕಂಡದ್ದರಲ್ಲೇ ಕಳ್ಳ ಸಿಕ್ಕಿಬೀಳುತ್ತಾನೆ. ಅದೇ ಅವನ ಹಟ.

ಅವನು ಕುರುಗೋಡಿನಲ್ಲಿ, ನಾನು ಸಿರುಗುಪ್ಪದಲ್ಲಿ ಬಿಲ್ಡ್ ಮಾಡಿ ಹೋಲಿಸುತ್ತಿದ್ದೆವು. ಹೊಂದುತ್ತಲೇ ಇರಲಿಲ್ಲ. ಮಾಡಿದ ಗಳಿಗೆ, ಫೋಲ್ಡರಿನ ಹೆಸರು, ಯಂತ್ರದ ಒಡೆಯನ ಹೆಸರು, ಎಲ್ಲ ಪ್ಯಾಕೇಜಿನೊಳಗೆ ನುಸುಳಿರುತ್ತಿದ್ದವು. ನನ್ನ ಕಂಪ್ಯೂಟರಿನ ಗಡಿಯಾರವಂತೂ ನನ್ನಂತೆಯೇ ಸದಾ ತಡ. ಡಯಾಲಿಸಿಸ್‌ಗೆ ಸೂಜಿ ಚುಚ್ಚಿದ ಎಡಗೈ ಅಲುಗಿಸದೆ, ಬಲಗೈಯಲ್ಲೇ ಟೈಪು ಮಾಡುತ್ತ ಅವನು ಇವನ್ನೆಲ್ಲ ಒಂದೊಂದಾಗಿ ಕಿತ್ತುಹಾಕಿದ. ಪ್ಯಾಕೇಜುಗಳನ್ನು ತಂದು ಹಾಕುವ ತಂತ್ರಾಂಶಕ್ಕೂ, ಎರಡು ಬಿಲ್ಡ್ ಹೊಂದದಿದ್ದರೆ ಅಲ್ಲೇ ನಿಲ್ಲಬೇಕೆಂದು ಕಲಿಸಿದ.

"ಸ್ವಲ್ಪ ಮಲ್ಕೋಲೇ," ಎಂದು ನಾನಂದರೆ, "ಮಂದಿ ನನ್ನ ನಂಬೋದು ಬ್ಯಾಡಣ್ಣ. ನಾ ಇಲ್ದಿದ್ರೂ ಅದ ಪ್ಯಾಕೇಜ್ ಬರಬೇಕು," ಅನ್ನುತ್ತಿದ್ದ.

ಕೊನೆಯ ತಿದ್ದುಪಡಿಯನ್ನು, ತಾನು ಮಾಡಿದ ಬಿಲ್ಡ್ ಸಮೇತ, ಆಸ್ಪತ್ರೆಯ ಹಾಸಿಗೆಯಿಂದಲೇ ಕಳಿಸಿದ. ಆಮೇಲೆ ರಕ್ತಕ್ಕೆ ಸೋಂಕು ಏರಿತು. ಮಣ್ಣು ಮಾಡಿ ಬಂದ ಮೇಲೆ ನಾನು ಬಿಲ್ಡ್ ಮಾಡಿ ನೋಡಿದೆ. ಅವನದೂ ನನ್ನದೂ ಹೊಂದಿದವು. ಹೇಳಲು ಫೋನು ಎತ್ತಿಕೊಂಡೆ. ಯಾರಿಗೆ ಹೇಳುವುದು?

"ಅಣ್ಣಾರ, ಅವ್ರು ಮಾಡಿದ್ದು ತೋರಿಸ್ರಿ," ಅನ್ನುತ್ತಾಳೆ ನಾಗವೇಣಿ. "ಅದರಾಗ ಅವ್ರ ಹೆಸರು ಎಲ್ಲೈತಿ?"

ತೆರೆದು ತೋರಿಸುತ್ತೇನೆ. ಹೆಸರಿಲ್ಲ, ಊರಿಲ್ಲ, ಗಳಿಗೆಯಿಲ್ಲ. ತಿದ್ದುಪಡಿಗಳನ್ನೂ ಅವನು ಗುಪ್ತನಾಮದಲ್ಲೇ ಕಳಿಸುತ್ತಿದ್ದ. ಅವು ಯಾವುವೂ ಇರಬಾರದೆಂದೇ ಅವನು ದುಡಿದ ಎಂದು ವಿವರಿಸುವಾಗ ನನ್ನ ದನಿ ನನಗೇ ಬೇಡವಾಗುತ್ತದೆ.

"ಅಷ್ಟು ನೋವಿನಾಗ ಕುಂತು ತನ್ನ ತಾನ ಅಳಿಸ್ಕೊಂಡ್ರೇನ್ರಿ?"

ಅದು ಹಾಗಲ್ಲ ಅನ್ನಬೇಕೆಂದುಕೊಳ್ಳುತ್ತೇನೆ. ಇಷ್ಟು ದಿನ ಗೆಲುವು ಎಂದುಕೊಂಡಿದ್ದನ್ನು ಈಗ ಅವಳ ಕಣ್ಣಿನಿಂದ ನೋಡುತ್ತಿದ್ದೇನೆ.

ಫೋಟೋಗಳನ್ನು ಆಗಲೇ ಬೇರೆ ಕಡೆ ಇಟ್ಟಾಗಿದೆ. ಉಳಿದದ್ದನ್ನೆಲ್ಲ ಅಳಿಸಲೇ ಎಂದು ಯಂತ್ರ ಕೇಳುತ್ತದೆ. ನನ್ನ ಬೆರಳು ಮುಂದೆ ಹೋಗದು.

"ಸರೀರಿ," ಅನ್ನುತ್ತಾಳೆ ನಾಗವೇಣಿ. "ಹುಡುಗಿಗೆ ಜಾಗ ಬೇಕಲ್ಲ."

ಅವಳೇ ಕೈ ಚಾಚಿ ಒತ್ತುತ್ತಾಳೆ.