ಹಾರೂಗೇರಿಯಲ್ಲಿ ಕಾಣೆಯಾದ ಮೂರು ಕಂಪ್ಯೂಟರು

ನನಗೆ ಸಿಟ್ಟು ಬೇಗ ಬರುತ್ತದೆ. ಯಂತ್ರದ ಮೇಲೆ ಬಂದ ಸಿಟ್ಟನ್ನು ಮನುಷ್ಯರ ಮೇಲೆ ಹಾಕುವುದು ಇನ್ನೂ ಬೇಗ. ಹಾಗೆ ಹಾಕಿದ್ದರಿಂದ ಹಾರೂಗೇರಿಯಲ್ಲಿ ಒಬ್ಬ ಹಿರಿಯರ ಕೈಯಿಂದ ಕೀಲಿಕೈ ಹೋಯಿತು.

ನಮ್ಮದು ಬೀಜ-ಗೊಬ್ಬರ ಮಾರುವ ಸಹಕಾರಿ ಸಂಘ. ಮುಖ್ಯ ಕಚೇರಿ ಚಿಕ್ಕೋಡಿಯಲ್ಲಿ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಅಕ್ಕೋಳ, ಹಾರೂಗೇರಿ, ಇಷ್ಟೂ ಶಾಖೆಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ನನ್ನ ಕೋಣೆಯಲ್ಲಿ ಒಂದು ಸರ್ವರ್ ಇದೆ. ಅಲ್ಲಿಂದಲೇ ಎಲ್ಲ ಯಂತ್ರಗಳಿಗೂ ಹೊಸ ಸಾಫ್ಟ್‌ವೇರ್ ಹೋಗುತ್ತದೆ. ಯಾವ ಶಾಖೆಯಲ್ಲಿ ಎಷ್ಟು ಯಂತ್ರಗಳಿವೆ ಎಂದು ಅದೇ ಎಣಿಸಿ ಪಟ್ಟಿ ಕೊಡುತ್ತದೆ.

ಮುಂಗಾರಿನ ಬೀಜ ಬರುವ ಮೊದಲು ಬಿಲ್ಲಿನ ಹೊಸ ಸಾಫ್ಟ್‌ವೇರ್ ಎಲ್ಲ ಕಡೆ ಹೋಗಬೇಕಿತ್ತು. ಉಳಿದ ಶಾಖೆಗಳು ಸುಸೂತ್ರವಾಗಿ ಮುಗಿದವು. ಹಾರೂಗೇರಿಯಲ್ಲಿ ನಾಲ್ಕು ಕಂಪ್ಯೂಟರು ಇರಬೇಕಾದಲ್ಲಿ ಪಟ್ಟಿ ಒಂದನ್ನೇ ತೋರಿಸಿತು. ಆ ಒಂದರ ಹೆಸರಾದರೂ ನೆಟ್ಟಗಿತ್ತೇ? ಸೋಮವಾರ ‘ಹಾರೂಗೇರಿ ಒಂದು’, ಮಂಗಳವಾರ ‘ಹಾರೂಗೇರಿ ಎರಡು’. ದಿನಕ್ಕೊಂದು ಹೆಸರು. ನನಗೆ ತಲೆ ಕೆಟ್ಟುಹೋಯಿತು. ವರದಿಯಲ್ಲಿ ಬರೆದೇಬಿಟ್ಟೆ: ‘ಹಾರೂಗೇರಿ, ಮೂರು ಯಂತ್ರ ಇಲ್ಲ. ಇರುವ ಒಂದರಲ್ಲಿ ಯಾರೋ ಕೈಯಾಡಿಸುತ್ತಿದ್ದಾರೆ.’

ಮ್ಯಾನೇಜರ್ ಶಾಖೆಗೆ ಫೋನ್ ಹಚ್ಚಿದರು. ಅಲ್ಲಿನ ಗುಮಾಸ್ತೆ, “ನಾಕೂ ಇಲ್ಲೇ ಅದಾವ್ರಿ” ಎಂದಳು.

“ನಂಬರಿನ ಚೀಟಿ ಓದ್ರಿ.”

“ಖಂಡೇನವಮಿಗೆ ಒದ್ದಿ ಅರಬಿಲೆ ಒರಸಿ ಇಬತ್ತಿ ಹಚ್ಚಿದ್ವಿ. ಚೀಟಿ ಕಿತ್ತ ಹೋಗ್ಯಾವ್ರಿ.”

ಆಯುಧಪೂಜೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ವಿಭೂತಿ ಹಚ್ಚಿದ್ದಕ್ಕೆ ಚೀಟಿ ಹೋಗಿತ್ತು, ಪಟ್ಟಿಯಲ್ಲೂ ಯಂತ್ರ ಇಲ್ಲ. ಮ್ಯಾನೇಜರರಿಗೆ ಅಷ್ಟೇ ಸಾಕಾಯಿತು. ಒಳ್ಳೆಯ ಯಂತ್ರಗಳನ್ನು ಸಾಗಿಸಿ ಹಳೆಯವನ್ನು ತಂದಿಟ್ಟಿದ್ದಾರೆ ಎಂದು ತೀರ್ಮಾನಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ಆದರೆ ಎತ್ತು ಈಯಿತು ಎಂದು ಹೇಳಿದವಳು ನಾನೇ.

ಕೀಲಿಕೈ ಇರುತ್ತಿದ್ದದ್ದು ಶಾಖೆಯ ಜವಾನ ಕಾಕಾನ ಹತ್ತಿರ. ಆ ಶಾಖೆ ಶುರುವಾದಾಗಿನಿಂದ ಬಾಗಿಲು ತೆಗೆದು ಹಾಕುವವರು ಅವರೇ. ಊರೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತದೆ. ಮುಖ್ಯ ಕಚೇರಿಯ ಅಪ್ಪಣೆಯಂತೆ ಅವರಿಂದ ಕೀಲಿಕೈ ಗೊಂಚಲು ಕಸಿದುಕೊಂಡು ಗುಮಾಸ್ತೆಯ ವಶಕ್ಕೆ ಕೊಟ್ಟರು. ಹದಿನೈದು ದಿನದ ಮೇಲೆ ಕೆಲಸದಿಂದ ತೆಗೆಯುವ ನೋಟಿಸಿನ ಕರಡು ನನ್ನ ಮೇಜಿಗೆ ಬಂತು. ‘ಆಧಾರ: ತಾವು ಸಲ್ಲಿಸಿದ ವರದಿ’ ಎಂದಿತ್ತು. ಕೆಳಗೆ ನನ್ನ ಸಹಿಗೆ ಜಾಗ.

ಪೆನ್ನು ಕೆಳಗಿಟ್ಟೆ. ವರದಿ ಬರೆಯುವ ಮೊದಲು ಹೋಗಿ ಆ ನಾಲ್ಕು ಯಂತ್ರಗಳನ್ನು ನಾನು ಕಣ್ಣಿಂದ ನೋಡಿರಲಿಲ್ಲವಲ್ಲ.

“ಶನಿವಾರದ ತನಕಾ ತಡೀರಿ ಸರ್. ನಾನ ಹೋಗಿ ಬಿಚ್ಚಿ ನೋಡಿ ಬರ್ತೀನಿ. ಕಳುವಾಗಿದ್ರ ಅಲ್ಲೇ ಸಹಿ ಮಾಡ್ತೀನಿ” ಎಂದೆ.

“ಕುಂತಲ್ಲೇ ಕಾಣಲಿ ಅಂತನ ಅಲ್ಲೇನ್ರಿ ಆ ಸರ್ವರ್ ತಂದಿದ್ದು?” ಎಂದರು ಮ್ಯಾನೇಜರ್. ಖರೀದಿಯ ಕಾಗದಗಳನ್ನೂ ಒಂದು ಸ್ಕ್ರೂಡ್ರೈವರನ್ನೂ ಚೀಲಕ್ಕೆ ಹಾಕಿಕೊಂಡು ರಾಯಬಾಗದ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು.

ಕಾಕಾ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕುಳಿತಿದ್ದರು. “ಬರ್ರಿ ಮೇಡಮ್ಮಾರ” ಎಂದರು, ಅಷ್ಟೇ. ನೀರು ತಂದುಕೊಟ್ಟರು.

ನಾಲ್ಕೂ ಯಂತ್ರಗಳ ಡಬ್ಬಿ ಬಿಚ್ಚಿದೆ. ಒಳಗಿನ ಹಲಗೆಯ ಮೇಲೆ ಅಚ್ಚಾದ ನಂಬರನ್ನು ಖರೀದಿಯ ಕಾಗದದ ನಂಬರಿಗೆ ಹಿಡಿದು ನೋಡಿದೆ. ನಾಲ್ಕಕ್ಕೆ ನಾಲ್ಕೂ ಸರಿ. ಯಾವುದೂ ಎಲ್ಲಿಗೂ ಹೋಗಿರಲಿಲ್ಲ. ಹಾಗಾದರೆ ನನ್ನ ಸರ್ವರ್ ಯಾಕೆ ಒಂದೇ ಅಂದಿತು? ಇದನ್ನು ತಿಳಿಯದೆ ಈ ಊರಿಂದ ಏಳುವುದಿಲ್ಲ ಎಂದು ಅಲ್ಲೇ ಕುಳಿತೆ.

ಆಗ ಕಣ್ಣಿಗೆ ಬಿತ್ತು. ಇಂಟರ್‌ನೆಟ್ಟಿನ ವೈರು ಒಂದೇ ಯಂತ್ರಕ್ಕಿತ್ತು. ಉಳಿದ ಮೂರಕ್ಕೆ ಇರಲೇ ಇಲ್ಲ. ಗೋಡೆಗೆ ಒಂದು ಕಾಗದ ಅಂಟಿಸಿದ್ದರು: ಸೋಮವಾರ ಒಂದು, ಮಂಗಳವಾರ ಎರಡು, ಬುಧವಾರ ಮೂರು...

“ಕಾಕಾ, ಇದೇನ್ರಿ?”

“ಪಾಳಿ. ನಾಕಕ್ಕೂ ವೈರ್ ಹಂಚೂ ಡಬ್ಬಿ ಸಿಡ್ಲಿಗೆ ಸುಟ್ಟತಿ. ಒಂದ ವೈರ್ ಉಳೀತು. ಅದಕ್ಕ ಕಾಲಿವಿ ನೀರಿಗೆ ಹಚ್ಚಿದಂಗ ಪಾಳಿ ಹಚ್ಚೇನಿ. ದಿನಾ ಮುಂಜಾನೆ ಬಾಗಲಾ ತಗದ ಕೂಡ್ಲೆ ವೈರ್ ಬದಲಿ ಮಾಡ್ತೀನಿ. ಉಳದವು ಬಿಲ್ ಕೂಡಿಸಿ ಇಟಗೊಂಡು ತಮ್ಮ ಪಾಳ್ಯಾಗ ಕಳಸ್ತಾವ.”

“ಡಬ್ಬಿ ಸುಟ್ಟದ್ದು ನಮಗ ಹೇಳ್ಬಾರ್ದೇನ್ರಿ?”

“ಹೇಳೂದೇನೈತ್ರಿ? ಪಾಳಿ ಹಚ್ಚಿದ್ರ ಎಲ್ಲಾರಿಗೂ ನೀರ ಮುಟ್ತಾವ.”

ನನ್ನ ವರದಿಯನ್ನು ಆ ಕಾಗದದ ಪಕ್ಕ ಹಿಡಿದೆ. ದಿನಕ್ಕೊಂದು ಹೆಸರು ಅಂದೆನಲ್ಲ, ಅದು ಕಾಕಾನ ಪಾಳಿ, ಒಂದು ದಿನವೂ ತಪ್ಪಿರಲಿಲ್ಲ. ಯಾರೂ ಕೈಯಾಡಿಸಿರಲಿಲ್ಲ. ದಿನಕ್ಕೊಂದು ಯಂತ್ರ ಬಂದು ಹಾಜರಿ ಹೇಳಿ ಹೋಗುತ್ತಿತ್ತು. ಸರ್ವರ್ ಮಾತ್ರ ನಾಲ್ಕನ್ನೂ ಒಂದೇ ಎಂದು ತಿಳಿಯುತ್ತಿತ್ತು.

ಯಾಕೆಂದು ಆಗ ಹೊಳೆಯಿತು. ಎರಡು ವರ್ಷದ ಹಿಂದೆ ಈ ಯಂತ್ರಗಳನ್ನು ಸಜ್ಜು ಮಾಡಿದವಳು ನಾನೇ. ಒಂದನ್ನು ತಯಾರಿಸಿ, ಅದರೊಳಗಿನದನ್ನೆಲ್ಲ ಉಳಿದ ಮೂರಕ್ಕೆ ನಕಲು ಮಾಡಿದ್ದೆ. ನಕಲು ಮಾಡಿದ ಮೇಲೆ ಪ್ರತಿಯೊಂದರಲ್ಲೂ ಅಡಗಿರುವ ಗುರುತಿನ ಸಂಖ್ಯೆ ಅಳಿಸಿ ಹೊಸದು ಕೊಡಬೇಕು; ಸರ್ವರ್ ಯಂತ್ರವನ್ನು ಗುರುತಿಸುವುದು ಆ ಸಂಖ್ಯೆಯಿಂದಲೇ. ಉಳಿದೆಲ್ಲ ಶಾಖೆಗಳಲ್ಲೂ ಕೊಟ್ಟಿದ್ದೆ. ಹಾರೂಗೇರಿಯಲ್ಲಿ ಕೊನೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾಳೆ ಮಾಡಿದರಾಯಿತು ಎಂದು ಎದ್ದು ಓಡಿದ್ದೆ, ಆ ನಾಳೆ ಬರಲೇ ಇಲ್ಲ. ವೈರು ಹಂಚುವ ಡಬ್ಬಿ ಸುಡುವ ಮೊದಲು ನಾಲ್ಕೂ ಒಟ್ಟಿಗೆ ಸರ್ವರಿಗೆ ಬರುತ್ತಿದ್ದಾಗ ಒಂದೇ ಸಂಖ್ಯೆಗೆ ನಾಲ್ಕು ಹೆಸರು ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದಿರಬೇಕು. ನಾನು ಆ ಪಟ್ಟಿ ತೆರೆದು ನೋಡಿದವಳೇ ಅಲ್ಲ. ಸಾಫ್ಟ್‌ವೇರೂ ಅಷ್ಟೇ. ಮೊದಲ ಪಾಳಿಯ ಯಂತ್ರ ತೆಗೆದುಕೊಂಡಿತು, ಸರ್ವರ್ ಹಾರೂಗೇರಿಯದು ‘ಮುಗಿಯಿತು’ ಎಂದು ಗೆರೆ ಎಳೆಯಿತು.

ಒಂದೊಂದರದೂ ಹಳೆಯ ಗುರುತು ಅಳಿಸಿ ಹೊಸದು ಕೊಟ್ಟೆ. ಕಾಕಾ ತಾವೇ ವೈರು ಬದಲಿಸುತ್ತ ಬಂದರು. ಮಧ್ಯಾಹ್ನ ಮೂರಕ್ಕೆ ಪಟ್ಟಿಯಲ್ಲಿ ನಾಲ್ಕು ಕಾಣಿಸಿದವು, ನಾಲ್ಕಕ್ಕೂ ಸಾಫ್ಟ್‌ವೇರ್ ಇಳಿಯಿತು.

ಮ್ಯಾನೇಜರರಿಗೆ ಫೋನಿನಲ್ಲಿ ಹೇಳಿದೆ. “ತಾಂತ್ರಿಕ ದೋಷ ಅಂತ ಬರದ ಬಿಡ್ರಿ. ನಿಮ್ಮ ಹೆಸರ ಯಾಕ ಹಾಕ್ಕೋತೀರಿ?” ಎಂದರು.

“ಕಾಕಾನ ಹೆಸರ ಹಾಕೂವಾಗ ಇದನ್ನ ಯಾರೂ ಕೇಳ್ಲಿಲ್ಲಲ್ರಿ” ಎಂದೆ. ‘ತಪ್ಪು ನನ್ನದು’ ಎಂದು ಬರೆದು ಅಲ್ಲಿಂದಲೇ ಕಳಿಸಿದೆ. ನೋಟಿಸು ರದ್ದಾಯಿತು.

ಗುಮಾಸ್ತೆ ಕಪಾಟಿನಿಂದ ಕೀಲಿಕೈ ಗೊಂಚಲು ತಂದು ನನ್ನ ಕೈಗಿಟ್ಟಳು. ನಾನು ಕಾಕಾನ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

“ಕಸಗೊಂಡದ್ದು ಎಲ್ಲಾರ ಮುಂದ ಅವ್ವಾ. ಹದಿನೈದ ದಿವಸ ಆತು, ನಮ್ಮ ಮನ್ಯಾಗ ಸೈತ ಯಾರೂ ನನ್ನ ಮಾರಿ ನೋಡಿ ಮಾತಾಡಿಲ್ಲ.”

ಬೀಜಕ್ಕೆ ಹೆಸರು ಬರೆಸಲು ಬಂದ ರೈತರು ಕಟ್ಟೆಯ ಮೇಲೆ ಕುಳಿತಿದ್ದರು. ಹೊರಗೆ ಹೋಗಿ ನಿಂತೆ. “ಇಲ್ಲಿಂದ ಏನೂ ಕಳುವಾಗಿಲ್ರಿ. ಯಂತ್ರಕ್ಕ ಸರಿಯಾಗಿ ಗುರುತ ಕೊಡದ ಹೋದಾಕಿ ನಾನು. ಇಲ್ಲ ಅಂತ ಬರದಾಕೀನೂ ನಾನ. ಕಾಕಾನ ಕಡಿಂದ ಒಂದ ಕೂದಲೆಳಿ ತಪ್ಪ ಆಗಿಲ್ಲ” ಎಂದೆ. ಒಬ್ಬ ರೈತ ಎದ್ದು ಕಾಕಾನ ಹೆಗಲ ಮೇಲೆ ಕೈಯಿಟ್ಟ.

ಆಮೇಲೆ ಕಾಕಾ ಗೊಂಚಲು ತೆಗೆದುಕೊಂಡರು. ಎಲ್ಲರ ಎದುರಿಗೇ ಒಂದೊಂದು ಕೀಲಿಕೈಯನ್ನೂ ಬೆರಳಲ್ಲಿ ಹಿಡಿದು ಎಣಿಸಿದರು.

“ಏಳ ಅದಾವ” ಎಂದು ಗೊಂಚಲನ್ನು ಮತ್ತೆ ನನ್ನ ಕಡೆ ಚಾಚಿದರು. “ನೀನೂ ಒಮ್ಮೆ ಕೈಲೆ ಮುಟ್ಟಿ ಎಣಿಸವ್ವಾ.”

ನಾನು ಎಣಿಸಿದೆ.