ಕುಂಕುಮವಿಲ್ಲದ ಕಲ್ಲಿನ ಹೆಂಗಸರು

ಹಸಿ ಸುಣ್ಣದ ವಾಸನೆ ಬಂದರೆ ಈಗಲೂ ನನ್ನ ಕಾಲು ತಾನಾಗಿಯೇ ನಿಲ್ಲುತ್ತದೆ. ಯಾರದೋ ಮನೆ, ಯಾರದೋ ಗೋಡೆ. ನನ್ನ ಕಣ್ಣಿಗೆ ಕಟ್ಟುವುದು ಮಾತ್ರ ಹುಮನಾಬಾದಿನ ನಮ್ಮ ಮನೆಯೇ. ಬೀದಿಗೆ ಮುಖ ಮಾಡಿದ ದೊಡ್ಡ ಬಾಗಿಲು, ಬಾಗಿಲಿನ ಎರಡೂ ಬದಿಗೆ ಜನ ಕೂತು ಕೂತು ನುಣುಪಾದ ಕಟ್ಟೆ, ಒಳಗೆ ಕಾಲಿಟ್ಟರೆ ನೆಲದೊಳಗೆ ಜೋಳ ತುಂಬಿಡುವ ಹಗೇವಿನ ಬೆಚ್ಚನೆಯ ಗಂಧ, ಅದರಾಚೆ ದನದ ಕೊಟ್ಟಿಗೆ. ಆಗ ನಮ್ಮದು ನಿಜಾಮರ ರಾಜ್ಯ. ಮನೆಯೊಳಗಿನ ರಾಜ್ಯ ದೊಡ್ಡಪ್ಪನದು. ಮದುವೆ ಗೊತ್ತಾಯಿತೆಂದರೆ ಬೀದಿ ಗೋಡೆಗೆ ಸುಣ್ಣ ಬಳಿದು, ಬಾಗಿಲಿನ ಎರಡೂ ಬದಿಗೆ ಕೆಮ್ಮಣ್ಣಿನಲ್ಲಿ ಆನೆ, ಕುದುರೆ, ನವಿಲು ಬರೆಯುವುದು ನಮ್ಮಲ್ಲಿ ಪದ್ಧತಿ. ಬರೆಯುವ ಕೈ ಮುತ್ತೈದೆಯದೇ ಆಗಬೇಕು. ಮನೆಯಲ್ಲಿ ಚಿತ್ರ ಬರೆಯಲು ಬರುತ್ತಿದ್ದುದು ಒಬ್ಬಳಿಗೆ ಮಾತ್ರ, ಅವಳು ಮುತ್ತೈದೆಯಾಗಿರಲಿಲ್ಲ.

ಅವಳು ಚಂದಮ್ಮ, ಅಪ್ಪನ ತಂಗಿ, ನನಗೆ ಸೋದರತ್ತೆ. ಮದುವೆಯಾಗಿ ಹೋದ ಮನೆಯಲ್ಲಿ ಅರಿಶಿನ ಆರುವ ಮೊದಲೇ ಗಂಡ ತೀರಿಕೊಂಡು ತವರಿಗೆ ಮರಳಿದ್ದಳು. ಶುಭಕಾರ್ಯ ಬಂದಾಗಲೆಲ್ಲ ಅವಳ ಮುಖ ಯಾರಿಗೂ ಎದುರಾಗಬಾರದೆಂದು ದೊಡ್ಡಪ್ಪ ಅವಳನ್ನು ಗಾಡಿ ಹತ್ತಿಸಿ ಕಲ್ಯಾಣದ ನೆಂಟರ ಮನೆಗೆ ಕಳಿಸಿಬಿಡುತ್ತಿದ್ದ. ಹೆಂಗಸು ಒಬ್ಬಳೇ ಹೋಗಬಾರದೆಂದು ಜೊತೆಗೆ ನಾನು. ಇತ್ತ ಮನೆಯಲ್ಲಿ ದೊಡ್ಡಪ್ಪನ ಸೊಸೆ, ನಮ್ಮ ಹಿರಿಯ ಅತ್ತಿಗೆ, ಗೋಡೆಯ ಮೇಲೆ ಬರೆದ ಕುದುರೆ ಆಡಿನಂತೆ ಕಾಣುತ್ತಿತ್ತು. ಕೇಳಿದರೆ ಗೋಡೆಯೇ ಸರಿಯಿಲ್ಲ ಅನ್ನುತ್ತಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾಡಿ ಊರು ದಾಟಿದ ಕೂಡಲೇ ಅತ್ತೆ ಸೆರಗು ಸರಿಸಿ ಗಾಳಿಗೆ ಮುಖ ಕೊಟ್ಟು ನಗುತ್ತಿದ್ದಳು. "ಅಣ್ಣ ನನ್ನ ಹೊರಗ ಹಾಕೀನಿ ಅಂತ ತಿಳ್ಕೊಂಡಾನ. ಊರು ನೋಡಾಕ ಕಳಿಸ್ಯಾನ, ಪಾಪ!" ಗಾಡಿ ಹೊಡೆಯುವ ಮೈಬೂಬಸಾಬನೂ ಎತ್ತಿನ ಬೆನ್ನು ತಟ್ಟಿ ನಗುತ್ತಿದ್ದ.

ಕಲ್ಯಾಣದ ನೆಂಟರು ಅವಳಿಗೆ ಅಡಿಗೆಮನೆಯ ಮೂಲೆ ತೋರಿಸುತ್ತಿದ್ದರು. ಅತ್ತೆ ಅಲ್ಲಿ ಕೂರುವವಳೇ? ಬೆಳಗಾದರೆ "ಗುಡಿಗಿ ಹೋಗಿ ಬರ್ತೇವ್ರಿ" ಎಂದು ಹೇಳಿ ನನ್ನ ಕೈ ಹಿಡಿದು ಹೊರಬಿದ್ದರೆ ಹೊತ್ತು ಏರುವವರೆಗೂ ನಮ್ಮ ಸುದ್ದಿಯಿಲ್ಲ. ಕೋಟೆಯ ಒಳಗೆ ನವಾಬರ ದರ್ಬಾರು, ನಮಗೆ ಹೊರಗಿನ ಗೋಡೆಯೇ ಸಾಕಾಗಿತ್ತು. ಯಾವುದೋ ಹಳೆಯ ಗುಡಿಯ ಕಲ್ಲುಗಳನ್ನು ಗೋಡೆಯಲ್ಲಿ ಸೇರಿಸಿಬಿಟ್ಟಿದ್ದರು. ಅಲ್ಲೊಂದು ಹಂಸ, ಇಲ್ಲೊಂದು ಬಳ್ಳಿಯ ಸುರುಳಿ. ಅವುಗಳನ್ನು ಹುಡುಕಿ ಹುಡುಕಿ ನಮ್ಮ ಕುತ್ತಿಗೆ ನೋಯುತ್ತಿತ್ತು. ಬಜಾರಿನ ಅತ್ತರಿನ ಅಂಗಡಿಯವನು ಬಾಗಿಲ ಮೇಲೆ ಹಸಿರು ಗಿಳಿಗಳ ಸಾಲು ಬರೆಸಿದ್ದ. ನಾವು ಅವನ ಎದುರಿನ ಕಲ್ಲಿನ ಮೇಲೆ ಕುಳಿತು, ಅತ್ತರು ಕೊಳ್ಳದೆ, ಅದರ ಪರಿಮಳವನ್ನೂ ಗಿಳಿಗಳನ್ನೂ ಒಟ್ಟಿಗೇ ಉಂಡು ಬರುತ್ತಿದ್ದೆವು. "ಫುಕಟ ಐತಿ, ಕಣ್ತುಂಬ ನೋಡು," ಅನ್ನುತ್ತಿದ್ದಳು ಅತ್ತೆ. "ನೋಡಬ್ಯಾಡ ಅನ್ನಾಕ ಇದೇನು ನಮ್ಮ ಅಣ್ಣನ ಮನಿ ಅಲ್ಲ."

ಒಂದು ಸಲ ಊರಾಚೆಯ ನಾರಾಯಣಪುರಕ್ಕೆ ನಡೆದುಕೊಂಡು ಹೋದೆವು. ಅಲ್ಲಿನ ಹಳೆಯ ಶಿವನ ಗುಡಿಯ ಹೊರಗೋಡೆಯ ತುಂಬ ಕಲ್ಲಿನ ಹೆಂಗಸರು. ಒಬ್ಬಳು ಸೊಂಟ ಬಳುಕಿಸಿ ನಿಂತವಳು, ಒಬ್ಬಳು ಕುಣಿಯುವವಳು, ಬಿಸಿಲು ಬಿದ್ದ ಕಡೆ ಅವರ ಕೆನ್ನೆ ಬೆಚ್ಚಗಿತ್ತು. ಅತ್ತೆ ಗೋಡೆಯ ಹತ್ತಿರ ಹೋದಳು. ಒಬ್ಬಳ ಪಾದದಿಂದ ಮೊಣಕಾಲಿನವರೆಗೆ, ಅಲ್ಲಿಂದ ಕೈಗೆಟಕುವ ಎತ್ತರದವರೆಗೆ, ಗೆರೆ ಎಲ್ಲಿ ತಿರುಗುತ್ತದೆಂದು ಬೆರಳಿನಿಂದಲೇ ಓದಿದಳು. ಆಮೇಲೆ ನನ್ನನ್ನು ಕರೆದಳು.

"ಇಷ್ಟು ಮಂದಿ ಹೆಣ್ಮಕ್ಕಳು ಗುಡಿ ಗ್ವಾಡಿಗಿ ನಿಂತಾರ. ಒಬ್ಬಾಕಿ ಹಣಿಮ್ಯಾಗರ ಕುಂಕುಮ ಐತೇನು ನೋಡು."

ನಾನು ಗುಡಿಯನ್ನು ಸುತ್ತು ಹಾಕಿ ಬಂದೆ. "ಇಲ್ಲತ್ತಿ, ಯಾರಿಗೂ ಇಲ್ಲ."

"ಮತ್ತ ಇವರನ್ನ ಯಾರೂ ಗಾಡಿ ಹತ್ತಿಸಿ ಬ್ಯಾರೆ ಊರಿಗಿ ಕಳಿಸಿಲ್ಲಲ್ಲ!"

ನಗುತ್ತಲೇ ಅಂದಳು, ಆದರೆ ಕಣ್ಣಲ್ಲಿ ನೀರಿತ್ತು. ದಾರಿಯುದ್ದಕ್ಕೂ ಒಂದೇ ಮಾತು ಹೇಳಿಕೊಂಡು ಬಂದಳು: "ಬೀದಿ ಗ್ವಾಡಿಮ್ಯಾಲ ಒಂದು ಸರ್ತಿ ಬರೀಬೇಕು ನೋಡು ನಾ. ಹಾದು ಹೋಗೋ ಮಂದಿ ನಿಂತು ಫುಕಟ ನೋಡಬೇಕು." ಅಲ್ಲಿಯವರೆಗೆ ಅವಳಿಗೆ ಸಿಕ್ಕಿದ್ದು ಕೊಟ್ಟಿಗೆಯ ಗೋಡೆ. ದನಗಳಿಗೆ ಮುತ್ತೈದೆ, ವಿಧವೆ ಎಂಬ ಭೇದವಿಲ್ಲದ್ದರಿಂದ ಅಲ್ಲಿ ಬರೆಯಲು ಯಾರೂ ಅಡ್ಡಿ ಮಾಡಿರಲಿಲ್ಲ. ಹುಮನಾಬಾದಿನ ಅತಿ ಚೆಂದದ ಚಿತ್ರಗಳನ್ನು ಬಹಳ ವರ್ಷ ನಮ್ಮ ಎಮ್ಮೆಗಳೇ ನೋಡಿದವು.

ನಾನು ದೊಡ್ಡವಳಾಗಿ ನನ್ನ ಮದುವೆಯೂ ಗೊತ್ತಾಯಿತು. ಗೋಡೆಗೆ ಸುಣ್ಣ ಬಳಿದದ್ದಾಯಿತು, ಬಾಗಿಲಿಗೆ ಗಾಡಿಯೂ ಬಂದು ನಿಂತಿತು. ಅತ್ತೆ ಗಂಟು ಹಿಡಿದು, ನನ್ನ ಗಲ್ಲ ಮುಟ್ಟಿ, ಗಾಡಿ ಹತ್ತಿದಳು. ಅವತ್ತು ಅವಳು ನಗಲಿಲ್ಲ. ನಾನು ಅರಿಶಿನದ ಸೀರೆಯಲ್ಲೇ ಹೋಗಿ ಅವಳ ಪಕ್ಕ ಗಾಡಿಯಲ್ಲಿ ಕುಳಿತುಬಿಟ್ಟೆ.

"ಇಳೀ ಕೆಳಗ," ಎಂದ ದೊಡ್ಡಪ್ಪ.

"ಅತ್ತಿ ಹೋಗೂದಾದ್ರ ನಾನೂ ಹೋಗತೇನಿ. ಲಗ್ನ ನೀವ ಮಾಡ್ಕೊರ್ರಿ."

ಬೀದಿಯ ಜನ ಸೇರಿದರು. ಅಪ್ಪ ಕಂಬ ಹಿಡಿದು ನಿಂತ, ಅವ್ವ ಅಳುತ್ತಿದ್ದಳು. ದೊಡ್ಡಪ್ಪ ಮೈಬೂಬಸಾಬನ ಮೇಲೆ ಹರಿಹಾಯ್ದ, ಗಾಡಿ ಹೊಡಿ ಎಂದೊಮ್ಮೆ, ಹೊಡೀಬ್ಯಾಡ ಎಂದೊಮ್ಮೆ. ಮೈಬೂಬಸಾಬ ಕೆಳಗಿಳಿದು ನೊಗದಿಂದ ಎತ್ತು ಬಿಚ್ಚಿದ. "ಎತ್ತು ಇವತ್ತ ಕಲ್ಯಾಣಕ್ಕ ಬರಂಗಿಲ್ಲ ಅನ್ನಾಕತ್ತಾವ್ರಿ ಸಾವಕಾರ್ರ. ಮದಿವಿ ನೋಡಬೇಕಂತ." ಸೇರಿದ್ದ ಜನ ಗೊಳ್ಳೆಂದು ನಕ್ಕರು. ಆ ನಗೆಯ ಮುಂದೆ ದೊಡ್ಡಪ್ಪನ ರಾಜ್ಯ ನಡೆಯಲಿಲ್ಲ. ರುಮಾಲು ಕೊಡವಿಕೊಂಡು ಒಳಗೆ ಹೋದ.

ಅತ್ತೆ ಇಳಿದಳು. ಕೆಮ್ಮಣ್ಣಿನ ಗಡಿಗೆ ತೆಗೆದುಕೊಂಡಳು. ಆನೆ, ಕುದುರೆ ಬರೆಯಲಿಲ್ಲ. ಬಾಗಿಲಿನ ಎರಡೂ ಬದಿಗೆ ಆಳೆತ್ತರದ ಇಬ್ಬರು ಹೆಂಗಸರು ಎದ್ದು ನಿಂತರು, ನಾರಾಯಣಪುರದ ಅದೇ ಸೊಂಟ, ಅದೇ ತಿರುವು. ಸಂತೆಗೆ ಹೊರಟವರು ತಲೆಯ ಮೇಲಿನ ಬುಟ್ಟಿ ಇಳಿಸಿ ನಿಂತು ನೋಡಿದರು. ಎಲ್ಲ ಮುಗಿದ ಮೇಲೆ ಅತ್ತಿಗೆ ಕುಂಕುಮದ ಬಟ್ಟಲು ತಂದು ಆ ಹೆಂಗಸರ ಹಣೆಗೆ ಇಡಹೋದಳು. ಅತ್ತೆ ಅವಳ ಮುಂಗೈ ಹಿಡಿದಳು.

"ಬ್ಯಾಡ. ಹಾಂಗೇ ಇರಲಿ. ಕಡಿಮಿ ಏನಾಗೇದ ಅವರಿಗಿ?"

ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಬೀದಿ ಗೋಡೆ ಮೊದಲು ಬಿತ್ತು, ಉಳಿದದ್ದು ನಿಧಾನವಾಗಿ. ದೊಡ್ಡಪ್ಪ, ಅಪ್ಪ, ಅವ್ವ, ಮೈಬೂಬಸಾಬ, ಯಾರೂ ಇಲ್ಲ. ಅತ್ತೆ ತೀರಿಕೊಂಡ ದಿನ ನಾನು ಬಾಯಿಬಿಟ್ಟು ಅತ್ತುಬಿಟ್ಟೆ; ಅಷ್ಟು ಮತ್ತೆ ಯಾರಿಗೂ ಅತ್ತಿಲ್ಲ. ನಿಮ್ಮ ಮನೆಯಲ್ಲೂ ಶುಭದ ದಿನ ಒಳಗೆ ಕೂತ ಒಬ್ಬಳು ಇದ್ದಿರಬಹುದು, ಅವಳ ಕೈಯಲ್ಲೂ ಏನೋ ಇದ್ದಿರಬಹುದು. ನನ್ನ ಗಂಡನೂ ತೀರಿಹೋಗಿ ವರ್ಷಗಳಾದವು. ಹೋದ ವರ್ಷ ಮೊಮ್ಮಗಳ ಮದುವೆ ಬಂದಾಗ ಯಾರನ್ನೂ ಕೇಳದೆ, ಬರಿಹಣೆಯಲ್ಲಿ, ಹಾಡುಹಗಲಲ್ಲಿ, ಈಗಿರುವ ಮನೆಯ ಬೀದಿ ಗೋಡೆಯ ಮೇಲೆ ಚಿತ್ರ ಬರೆದೆ. ಯಾರಾದರೂ ಬೇಡವೆನ್ನಲಿ ಎಂದು ಕುಂಚ ಹಿಡಿದು ಬೇಕೆಂದೇ ಬಹಳ ಹೊತ್ತು ನಿಂತೆ. ಒಬ್ಬರೂ ಅನ್ನಲಿಲ್ಲ.