ಪಲ್ಪರ್ ಮನೆಯ ಕೆಳಗಿನ ಗಣಿಕೆ ಸೊಪ್ಪು

ಮನುಷ್ಯನ ನಾಲಿಗೆ ಪಕ್ವವಾಯಿತೆಂದು ತಿಳಿಯುವುದು ಅವನು ಕಹಿಯನ್ನು ತಾನಾಗಿ ಕೇಳಿ ಬಡಿಸಿಕೊಂಡಾಗಲೇ. ಸಿಹಿಯನ್ನು ಇರುವೆಯೂ ಮೆಚ್ಚುತ್ತದೆ. ಈ ಸಿದ್ಧಾಂತವನ್ನು ನಾನು ಬಹಳ ವರ್ಷ ಬಹಳ ಜನರಿಗೆ ಹೇಳಿದ್ದೇನೆ. ನನ್ನ ಮಟ್ಟಿಗೆ ನಡೆದದ್ದು ಇಷ್ಟೇ: ಆ ಚಳಿಗಾಲದಲ್ಲಿ ನನಗೆ ಅಡುಗೆ ಮಾಡಿ ಹಾಕುತ್ತಿದ್ದವಳು ಬೇರೇನನ್ನೂ ಮಾಡುತ್ತಿರಲಿಲ್ಲ.

ಕೊಡಗು ಆಗ ತನ್ನದೇ ಒಂದು ರಾಜ್ಯ. ಹೇಮಾವತಿಯ ಆಚೆ ಮೈಸೂರು, ಈಚೆ ಕೊಡಗು. ಹಾಸನದ ಕಡೆಯ ಹಳ್ಳಿಯವನಾದ ನಾನು ಇಪ್ಪತ್ತಮೂರನೇ ವಯಸ್ಸಿನಲ್ಲಿ ಒಂದು ತಗಡಿನ ಪೆಟ್ಟಿಗೆಯ ಸಮೇತ ಹೊಳೆ ದಾಟಿ ಬಂದು, ಕೊಡ್ಲಿಪೇಟೆಯಿಂದ ನಾಲ್ಕು ಮೈಲಿ ದೂರದ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ ಸೇರಿಕೊಂಡೆ. ರೈಟರ್ ಎಂದರೆ ಬೆಳಿಗ್ಗೆ ಹಾಜರಿ ಕೂಗುವವನು, ಸಂಜೆ ಕೊಯ್ದ ಹಣ್ಣನ್ನು ಅಳೆಸುವವನು, ಮಿಕ್ಕ ಹೊತ್ತಿನಲ್ಲಿ ಗಂಭೀರವಾಗಿ ನಿಂತಿರುವವನು. ಮೂರನೆಯದು ನನಗೆ ಮೊದಲ ದಿನದಿಂದಲೇ ಚೆನ್ನಾಗಿ ಬರುತ್ತಿತ್ತು.

ಕೆಲಸ ಒಂದು ಪಿಕ್ಕಿಂಗಿನ, ಅಂದರೆ ಒಂದು ಕೊಯ್ಲಿನ, ಮಟ್ಟಿಗೆ ಪರೀಕ್ಷೆಯದು. ಖಾಯಂ ಆದರೆ ಹೆಂಚು ಹೊದಿಸಿದ ಎರಡು ಕೋಣೆಯ ಮನೆ ಕೊಡುತ್ತಿದ್ದರು. ಅಲ್ಲಿಯವರೆಗೆ ಗೋದಾಮಿನ ಪಕ್ಕದ ಕೋಣೆ. ನನಗೆ ಮದುವೆಯಾಗಿ ಏಳು ತಿಂಗಳಾಗಿತ್ತು, ಹೆಂಡತಿ ತವರಿನಲ್ಲಿದ್ದಳು. ಕೆಲಸ ಗಟ್ಟಿಯಾದ ಕೂಡಲೇ ಮಗಳನ್ನು ಕಳಿಸಿಕೊಡುತ್ತೇವೆ ಎಂದು ಮಾವನವರು ಕಾಗದ ಬರೆದಿದ್ದರು. ‘ಗಟ್ಟಿ’ ಎಂಬಲ್ಲಿ ಲೇಖನಿ ಒತ್ತಿ ಹಾಳೆ ತೂತಾಗಿತ್ತು. ನನಗಿಂತ ಮುಂಚಿನ ಇಬ್ಬರು ರೈಟರುಗಳು ಒಂದೊಂದು ಪಿಕ್ಕಿಂಗ್ ಮುಗಿಸಿ ಪೆಟ್ಟಿಗೆ ಕಟ್ಟಿದ್ದರು. ಅವರಲ್ಲೊಬ್ಬನನ್ನು ಚರಂಡಿಯಲ್ಲಿ ಕಳೆ ಬೆಳೆಸಿದ್ದಕ್ಕಾಗಿ ಕಳಿಸಿದರಂತೆ ಎಂಬ ಸುದ್ದಿ ನನ್ನ ಕಿವಿಗೆ ಬಿದ್ದಿತ್ತು. ಅದನ್ನು ನಾನು ತಲೆಯಲ್ಲಿ ಕೆತ್ತಿಟ್ಟುಕೊಂಡೆ. ಕೆತ್ತುವಾಗ ಬುದ್ಧಿಯ ಒಂದೆರಡು ಚಕ್ಕೆ ಉದುರಿರಬೇಕು.

ಎಸ್ಟೇಟಿನ ಒಡತಿ ವಿರಾಜಪೇಟೆಯಲ್ಲಿದ್ದ ವಯಸ್ಸಾದ ಕೊಡವ ಹೆಂಗಸು. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನೋಡಿಕೊಳ್ಳುತ್ತಿದ್ದರು. ಎಲ್ಲರಿಗೂ ಅವರು ಅಮ್ಮಾವರು. ಪಿಕ್ಕಿಂಗಿನ ನಡುವೆ ಒಮ್ಮೆ, ಕೊನೆಗೊಮ್ಮೆ ಬಂದು ತೋಟ ಸುತ್ತುತ್ತಿದ್ದರು. ರೈಟರುಗಳ ಹಣೆಬರಹ ತಿದ್ದುತ್ತಿದ್ದದ್ದು ಆ ಸುತ್ತಿನಲ್ಲಿ.

ನನ್ನ ಊಟ ನೋಡಿಕೊಳ್ಳುತ್ತಿದ್ದವಳು ಲೈನು ಎಂದು ಕರೆಯುವ ಕೂಲಿಯವರ ಸಾಲುಮನೆಗಳ ಒಬ್ಬಳು ಅಜ್ಜಿ. ಅವಳೂ ನಮ್ಮ ಸೀಮೆಯಿಂದಲೇ ಎಂದೋ ಬಂದವಳು. ತಾಯಂದಿರು ಹಣ್ಣು ಕೊಯ್ಯಲು ಹೋದಾಗ ಅವರ ಕೂಸುಗಳನ್ನು ಸಾಕುವುದು ಅವಳ ಕೆಲಸ, ಜೊತೆಗೆ ನನ್ನನ್ನೂ. ಈ ಎರಡು ಕೆಲಸಗಳ ನಡುವೆ ಅವಳು ಹೆಚ್ಚು ವ್ಯತ್ಯಾಸ ಮಾಡುತ್ತಿರಲಿಲ್ಲ.

ಮೊದಲ ಸಂಜೆ ಅಕ್ಕಿರೊಟ್ಟಿಯ ಮೇಲೆ ಕಪ್ಪುಹಸುರಿನ ಒಂದು ಮುದ್ದೆ ಇಟ್ಟಳು. ಬಾಯಿಗಿಟ್ಟೆ. ಗಣಿಕೆ ಸೊಪ್ಪು. ಕೊಡವರು ಕಾಕೆ ತೊಪ್ಪು ಎನ್ನುವುದೂ ಇದನ್ನೇ. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಅದರ ಹಿಂದೆ ನಿಧಾನವಾಗಿ ನಡೆದುಬರುವ ಕಹಿ.

“ಅಜ್ಜಿ, ಇದು ಕಹಿ.”

“ಗೊತ್ತು ಕಣಪ್ಪ. ಸೊಪ್ಪಿಗೂ ಗೊತ್ತು. ತಿನ್ನಿ.”

“ಆ ಕಿತ್ತಳೆ ಹಣ್ಣು ಯಾರಿಗೆ?”

“ಸೊಪ್ಪು ಖಾಲಿ ಮಾಡಿದೋರಿಗೆ.”

ಹೀಗೆ ನನ್ನ ಶಿಕ್ಷಣ ಆರಂಭವಾಯಿತು. ಒಂದು ವಾರ ಔಷಧಿಯಂತೆ ನುಂಗಿದೆ. ಎರಡನೇ ವಾರ ಅವಳು ಅದನ್ನು ಎಳೆ ಅವರೆಕಾಳಿನ ಜೊತೆ ಬೇಯಿಸಿ ಉಪ್ಸಾರು ಮಾಡಿದಳು. ಅವರೆಯ ಹಾಲುರುಚಿಯೊಳಗೆ ಕಹಿ ಹಳೆಯ ನೆಂಟನ ಹಾಗೆ ಕಾಲು ಚಾಚಿ ಕೂತಿತ್ತು. ಹೊಸ ಭತ್ತದ ಹುತ್ತರಿ ಹಬ್ಬ ಕಳೆದು ಗೆಣಸು ಬಂತು. ಅದನ್ನು ಒಲೆಯ ಬೂದಿಯಲ್ಲಿ ಸುಟ್ಟು, ಕೈಪುಳಿ ಎಂಬ ಕಹಿಹುಳಿ ಹಣ್ಣಿನ ಗೊಜ್ಜಿನ ಜೊತೆ ಕೊಟ್ಟಳು. ಮಂಜು ಕವಿದ ಬೆಳಿಗ್ಗೆ ಮೂಗು ಮರಗಟ್ಟಿ ಹಾಜರಿ ಕೂಗುವಾಗಲೇ ನನಗೆ ಸಂಜೆಯ ಸೊಪ್ಪು ನೆನಪಾಗತೊಡಗಿತು. ಮೂರನೇ ವಾರ ಒಂದು ದಿನ ಕಿತ್ತಳೆಯನ್ನು ಮರೆತು ಎದ್ದುಬಿಟ್ಟೆ. ಅಜ್ಜಿ ಅದನ್ನು ತಾನೇ ಸುಲಿದು ತಿಂದಳು.

ಸೊಪ್ಪು ಎಲ್ಲಿಂದ ಬರುತ್ತದೆಂದು ನಾನು ಕೇಳಲಿಲ್ಲ. ಇದು ಮುಂದಿನ ಕಥೆಗೆ ಮುಖ್ಯ.

ಡಿಸೆಂಬರ್ ನಡುವೆ ಒಂದು ಸೋಮವಾರ ಕಾಗದ ಬಂತು: ಶನಿವಾರ ಅಮ್ಮಾವರು ಬರುತ್ತಾರೆ. ನಾನು ದಂಡಯಾತ್ರೆಗೆ ಹೊರಟ ಅರಸನಂತೆ ಎದ್ದು ನಿಂತೆ. ದಾರಿಬದಿಯ ಕಲ್ಲುಗಳಿಗೆ ಸುಣ್ಣ ಹೊಡೆಸಿದೆ. ಚರಂಡಿ ಕೆರೆಸಿದೆ. ಬುಧವಾರ ಪಲ್ಪರ್ ಮನೆಗೆ ಬಂದೆ. ಹಣ್ಣಿನ ಸಿಪ್ಪೆ ಬಿಡಿಸುವ ಆ ಶೆಡ್ಡಿನ ಕೆಳಗೆ ಒಂದು ಇಳಿಜಾರು. ವರ್ಷಗಟ್ಟಲೆ ಸಿಪ್ಪೆ ಅಲ್ಲೇ ಸುರಿದು ಕೊಳೆತು ಕಪ್ಪು ಗೊಬ್ಬರವಾಗಿತ್ತು. ಅದರ ತುಂಬ ಮೊಣಕಾಲೆತ್ತರ ಹಸುರು. ಸಾಲಿಲ್ಲ, ಪಾತಿಯಿಲ್ಲ. ನನ್ನ ಕಣ್ಣಿಗೆ ಅದು ಒಂದೇ ಅರ್ಥ ಕೊಟ್ಟಿತು.

“ಇದನ್ನೆಲ್ಲ ಕೀಳಿಸಿ,” ಎಂದು ಕೂಲಿಯವರ ಮೇಸ್ತ್ರಿಗೆ ಹೇಳಿದೆ.

ಮೇಸ್ತ್ರಿ ತಲೆಯ ಟವೆಲ್ಲು ತೆಗೆದು ಕೊಡವಿ ಮತ್ತೆ ಕಟ್ಟಿಕೊಂಡ. “ಆ ಜಾಗ ಬಿಡೋದು ರೈಟ್ರೇ. ಯಾವಾಗ್ಲೂ ಬಿಡ್ತೀವಿ.”

“ಯಾಕೆ?”

“ಬಿಡೋದು ಅಷ್ಟೇ.”

ಅದು ಕಾರಣವಲ್ಲವೆಂದು ನಾನು ತೀರ್ಪು ಕೊಟ್ಟೆ. ಎಸ್ಟೇಟಿನಲ್ಲಿ ಕಾಫಿಯೊಂದು ಗಿಡ, ಮಿಕ್ಕದ್ದೆಲ್ಲ ಕಳೆ ಎಂದು ಒಂದು ಚಿಕ್ಕ ಭಾಷಣವನ್ನೂ ಮಾಡಿದೆ. ಎಂಟು ಜನ ಹೆಂಗಸರು ಮಾತಿಲ್ಲದೆ ಬಗ್ಗಿ, ಮಧ್ಯಾಹ್ನದೊಳಗೆ ಇಳಿಜಾರನ್ನು ಬೋಳು ಮಾಡಿ, ಕಿತ್ತದ್ದನ್ನು ತಿಪ್ಪೆಯ ಅಂಚಿಗೆ ಹಾಕಿದರು. ಹೆಂಗಸರು ಮಾತಿಲ್ಲದೆ ಕೆಲಸ ಮಾಡಿದ್ದು ನನ್ನ ಭಾಷಣದ ಪರಿಣಾಮ ಎಂದುಕೊಂಡೆ.

ಸಂಜೆ ತಟ್ಟೆಯಲ್ಲಿ ರೊಟ್ಟಿ, ಉಪ್ಪು, ಒಂದು ಹಸಿಮೆಣಸಿನಕಾಯಿ.

“ಪಲ್ಯ ಎಲ್ಲಿ ಅಜ್ಜಿ?”

“ತಿಪ್ಪೇಲಿ.”

ನಾನು ಮುರಿದ ರೊಟ್ಟಿಯನ್ನು ತಟ್ಟೆಗೆ ವಾಪಸ್ಸು ಇಟ್ಟೆ.

“ಹುತ್ತರಿಗೆ ಮೊದ್ಲಿಂದ ಶಿವರಾತ್ರಿ ಗಂಟ ಇಡೀ ಲೈನು ಆ ಸೊಪ್ಪು ತಿನ್ನೋದು. ಕೊಯ್ಲು ಮುಗಿಸ್ಕಂಡು ಹಣ್ಣು ಅಳೆದು ಬರ್ತಾ ಒಂದೊಂದು ಮಡಿಲು ಕಿತ್ಕತಾರೆ. ನಿಮ್ಮ ತಟ್ಟೆಗೆ ಎಲ್ಲಿಂದ ಬರ್ತಿತ್ತು ಅಂದ್ಕಂಡಿದ್ರಿ? ಮೈಸೂರಿಂದ?”

“ಕೀಳೋವಾಗ ಒಬ್ರಾದ್ರೂ ಹೇಳ್ಬೋದಿತ್ತಲ್ಲ.”

“ದಿನಾ ತಿಂದೋರಿಗೆ ಗಿಡ ಗೊತ್ತಿರಲ್ವಾ ಅಂತ ಸುಮ್ನಾದ್ರು.”

ಬೆಂದ ಸೊಪ್ಪನ್ನಷ್ಟೇ ಬಲ್ಲವನು ನಿಂತ ಗಿಡಕ್ಕೆ ಮರಣದಂಡನೆ ಬರೆದಿದ್ದ.

ಮರುದಿನ ಸಂಜೆ ಅಳತೆಯ ಹೊತ್ತಿಗೆ ಹೆಂಗಸರ ಸಾಲಿನಿಂದ ಮಾತು ಕೇಳಿಸಿತು. “ಅಕ್ಕಾ, ಇವತ್ತು ಏನು ಸಾರು?” “ಸುಣ್ಣ ಹೊಡೆದ ಕಲ್ಲಿನ ಸಾರು ಕಣೆ. ಬೇಯಕ್ಕೆ ವಸಿ ಹೊತ್ತಾಯ್ತದೆ.” ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಆ ದಿನ ನನ್ನ ಅಕ್ಷರ ಬಹಳ ದುಂಡಗಿತ್ತು.

ಶುಕ್ರವಾರ ಬೆಳಿಗ್ಗೆ, ಸೊಪ್ಪನ್ನು ಮತ್ತೆ ಬೆಳೆಸುವುದು ಹೇಗೆಂದು ಅಜ್ಜಿಯನ್ನೇ ಕೇಳಿದೆ. ಅವಳು ತಿಪ್ಪೆಯ ಕಡೆ ಕೈ ತೋರಿಸಿದಳು. ಬಾಡಿದ ಗಿಡಗಳಲ್ಲಿ ಕಪ್ಪು ಹಣ್ಣುಗಳ ಚಿಕ್ಕ ಗೊಂಚಲುಗಳು ಇನ್ನೂ ನೇತಾಡುತ್ತಿದ್ದವು. “ಹಿಂಡಿ, ಬೂದೀಲಿ ಕಲೆಸಿ, ಎರಚಿ. ಮನಸ್ಸಿದ್ರೆ ಬರ್ತದೆ.”

“ಯಾರ ಮನಸ್ಸು?”

“ಸೊಪ್ಪಿಂದು. ನಿಮ್ಮ ಮನಸ್ಸು ನೋಡಿದ್ವಲ್ಲ.”

ಪಂಚೆ ಎತ್ತಿಕಟ್ಟಿ ತಿಪ್ಪೆಗಿಳಿದೆ. ಹಣ್ಣು ಹಿಂಡಿ ಬೆರಳು ನೇರಳೆ ಬಣ್ಣವಾಯಿತು. ಎರಡು ಮಂಕರಿ ಬೂದಿಯಲ್ಲಿ ಬೀಜ ಕಲೆಸಿ, ಇಡೀ ಇಳಿಜಾರಿಗೆ ಎರಚಿ, ಪಲ್ಪರ್ ತೊಟ್ಟಿಗೆ ಬರುವ ನೀರಿನಲ್ಲಿ ನೆನೆಸಿದೆ. ಮೇಸ್ತ್ರಿ ದೂರದಲ್ಲಿ ಗಂಭೀರವಾಗಿ ನಿಂತಿದ್ದ. ನನಗಿಂತ ಚೆನ್ನಾಗಿ ನಿಂತಿದ್ದ.

ಶನಿವಾರ ಅಮ್ಮಾವರು ಬಂದರು. ಕೈಯಲ್ಲಿ ಊರುಗೋಲು, ಹಿಂದೆ ಡ್ರೈವರ್, ಅವನ ಕೈಯಲ್ಲಿ ಖಾಲಿ ಬುಟ್ಟಿ. ಸುಣ್ಣದ ಕಲ್ಲುಗಳನ್ನು ನೋಡದೆ ನಡೆದರು. ಚರಂಡಿಯನ್ನೂ ನೋಡಲಿಲ್ಲ. ನೇರ ಪಲ್ಪರ್ ಮನೆಯ ಹಿಂದಕ್ಕೆ ಹೋಗಿ ಇಳಿಜಾರಿನ ಮುಂದೆ ನಿಂತರು.

“ಇಲ್ಲಿದ್ದ ಸೊಪ್ಪೆಲ್ಲಿ?”

“ನಾನೇ ಕೀಳಿಸಿದೆ ಅಮ್ಮಾವ್ರೆ.”

“ಯಾಕೆ?”

“ತಾವು ಬರ್ತೀರಿ ಅಂತ.”

“ನಾನೇನು ದನವಾ? ಬಂದು ಮೇಯ್ತಾಳೆ ಅಂತ ಮೊದಲೇ ಕೀಳಿಸಿಟ್ಟೆಯಾ?”

ಮೇಸ್ತ್ರಿಗೆ ಕೆಮ್ಮು ಬಂತು. ಅಮ್ಮಾವರು ಪ್ರತಿ ವರ್ಷ ಈ ಇಳಿಜಾರಿನಿಂದಲೇ ಒಂದು ಬುಟ್ಟಿ ಸೊಪ್ಪು ಮನೆಗೆ ಒಯ್ಯುತ್ತಾರೆ ಎಂಬುದು ನನಗೆ ಆಗ ತಿಳಿಯಿತು. ಆ ಬುಟ್ಟಿಯನ್ನು ಡ್ರೈವರ್ ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡಿದ್ದ. ನನ್ನ ಕಣ್ಣ ಮುಂದೆ ಮಾವನವರ ಕಾಗದದ ತೂತು ಬಂತು.

ಕೂಸೊಂದನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದ ಅಜ್ಜಿ ಬಾಯಿ ಬಿಟ್ಟಳು. “ಮತ್ತೆ ಬಿತ್ತವ್ರೆ ಅಮ್ಮಾವ್ರೆ. ತಾವೇ ತಿಪ್ಪೆಗಿಳಿದು ಹಣ್ಣು ಹಿಂಡಿ ಬಿತ್ತವ್ರೆ. ಕೈ ನೋಡಿ ಬೇಕಾದ್ರೆ.”

ಅಮ್ಮಾವರು ಊರುಗೋಲಿನ ತುದಿಯಿಂದ ನನ್ನ ಕೈ ಎತ್ತಿಸಿ ನೋಡಿದರು. “ಬರುತ್ತದಾ?”

“ಗೊತ್ತಿಲ್ಲ ಅಮ್ಮಾವ್ರೆ.”

“ಸರಿ. ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಬರ್ತೇನೆ. ಸೊಪ್ಪು ಇದ್ದರೆ ನೀನೂ ಇರ್ತೀಯ.”

ಹೀಗೆ ಒಬ್ಬ ವಿದ್ಯಾವಂತನ ಸಂಸಾರವು ಸಾಸಿವೆಗಿಂತ ಸಣ್ಣ ಬೀಜದ ಮೇಲೆ ನಿಂತಿತು.

ಹತ್ತು ದಿನ ಏನೂ ಕಾಣಲಿಲ್ಲ. ನಾನು ಹಾಜರಿಗೆ ಮುಂಚೆ ಒಮ್ಮೆ, ಅಳತೆಗೆ ಮುಂಚೆ ಒಮ್ಮೆ ಹೋಗಿ ಬಗ್ಗಿ ನೋಡುತ್ತಿದ್ದೆ. ಹನ್ನೊಂದನೇ ದಿನ ಬೂದಿಯ ಮೇಲೆ ಹಸುರು ಚುಕ್ಕಿ. ಅಂದಿನಿಂದ ಅದು ನನ್ನೊಬ್ಬನ ವಿಷಯವಾಗಿ ಉಳಿಯಲಿಲ್ಲ. ಚಳಿ ಹೆಚ್ಚಿದ ದಿನ ಮೇಸ್ತ್ರಿ ಯಾರೂ ಹೇಳದೆ ಕಾಡಿನಿಂದ ಜರೀಗಿಡದ ಸೊಪ್ಪು ತಂದು ಮೇಲೆ ಹೊದಿಸಿದ. ಅಜ್ಜಿ ಕೂಸುಗಳ ಚಾಪೆಯನ್ನು ಇಳಿಜಾರಿನ ಪಕ್ಕಕ್ಕೆ ಎಳೆದುಕೊಂಡು ಕೋಳಿಗಳನ್ನು ಅಟ್ಟುತ್ತ ಕೂತಳು. ನನ್ನನ್ನು ಆಡಿಕೊಂಡ ಹೆಂಗಸರೇ ಸುತ್ತು ಹಾಕಿ ನಡೆಯತೊಡಗಿದರು. ಒಂದು ಸಂಜೆ ಅವರಲ್ಲೊಬ್ಬಳು ಹಿಂದಿನವಳಿಗೆ ಹೇಳುವುದು ಕೇಳಿಸಿತು:

“ನೋಡ್ಕಂಡು ಕಾಲಿಡೆ. ಅಲ್ಲಿ ರೈಟ್ರ ಹೆಂಡ್ತಿ ಮೊಳೀತಾವ್ಳೆ.”

ಜನವರಿಯಲ್ಲಿ ಸೊಪ್ಪು ಗೇಣುದ್ದವಾಯಿತು. ಕೀಳಬಹುದಾಗಿತ್ತು. ಲೈನಿನ ಹೆಂಗಸರು ಆ ಹಸುರಿನ ಪಕ್ಕದಲ್ಲೇ ದಿನವೂ ನಡೆದು, ಮನೆಗೆ ಹೋಗಿ ಬರಿಯ ಹುರುಳಿ ಸಾರು ಕಾಯಿಸಿಕೊಂಡರು. ಒಂದು ಕುಡಿಯನ್ನೂ ಯಾರೂ ಮುರಿಯಲಿಲ್ಲ. “ಕೀಳಿ, ನಿಮ್ಮದೇ ಅಲ್ವಾ,” ಎಂದು ನಾನು ಹೇಳಿದೆ. “ಅಮ್ಮಾವ್ರು ನೋಡ್ಲಿ, ಆಮೇಲೆ,” ಎಂದರು. ಇದರ ಬಗ್ಗೆ ತಮಾಷೆ ಮಾಡಲು ನಾನು ಅನೇಕ ಸಲ ಪ್ರಯತ್ನಿಸಿದ್ದೇನೆ. ಬಂದಿಲ್ಲ.

ಹೇಳಿದ ದಿನಕ್ಕೆ ಅಮ್ಮಾವರು ಬಂದರು. ಊರುಗೋಲನ್ನು ಡ್ರೈವರಿಗೆ ಕೊಟ್ಟು ತಾವೇ ಬಗ್ಗಿ ಒಂದು ಎಲೆ ಕಿತ್ತು ಹಸಿಯಾಗಿಯೇ ಅಗಿದರು. ಇಡೀ ಲೈನು ಅವರ ದವಡೆ ನೋಡುತ್ತ ನಿಂತಿತ್ತು.

“ಕಹಿ ಸಾಲದು,” ಎಂದರು. “ಎಳೆಯದು. ಇನ್ನೊಂದು ವಾರ ಬಿಟ್ಟರೆ ಸರಿಯಾಗುತ್ತದೆ.”

ಅವರು ಬುಟ್ಟಿಗೆ ಒಂದೇ ಒಂದು ಹಿಡಿ ಕಿತ್ತು ಹಾಕಿಸಿಕೊಂಡು ಹೆಂಗಸರ ಕಡೆ ತಿರುಗಿದರು. “ನೀವು ತಿಂದಿಲ್ಲವಾ ಇನ್ನೂ?”

“ಇಲ್ಲ ಅಮ್ಮಾವ್ರೆ.”

“ಮತ್ತೆ ಯಾರಿಗೆ ಬೆಳೆಸಿದ್ದು? ಕೀಳಿ.”

ಕಾರು ಹತ್ತುವಾಗ ಮೇಸ್ತ್ರಿಗೆ ಹೇಳಿದರು: “ಆ ಹೆಂಚಿನ ಮನೆ ಗುಡಿಸಿ ಕೊಡು ಇವನಿಗೆ. ಸುಣ್ಣ ಮಿಕ್ಕಿದ್ದರೆ ಅದಕ್ಕೆ ಹೊಡೆಸಲಿ.”

ಆ ಸಂಜೆ ಲೈನಿನ ಒಲೆಗಳಲ್ಲೆಲ್ಲ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಅಜ್ಜಿ ನನ್ನ ತಟ್ಟೆಗೆ ಸೊಪ್ಪಿನ ಮುದ್ದೆ ಹಾಕಿ, ಕೇಳದೆಯೇ ಎರಡನೆಯದನ್ನೂ ಹಾಕಿದಳು. ಮಾವನವರಿಗೆ ಅಂದೇ ಕಾಗದ ಬರೆದೆ. ‘ಗಟ್ಟಿ’ ಎಂಬಲ್ಲಿ ನಾನೂ ಲೇಖನಿ ಒತ್ತಿದೆ.

ಹೆಂಡತಿ ಶಿವರಾತ್ರಿಗೆ ನಾಲ್ಕು ದಿನ ಮುಂಚೆ ಕೊಡ್ಲಿಪೇಟೆಗೆ ಬಂದಿಳಿದಳು. ಆ ಮನೆಯಲ್ಲಿ ನಾವು ಹನ್ನೊಂದು ವರ್ಷ ಇದ್ದೆವು.